ಅಕ್ಷರಪಲ್ಲಟದ ಪದಬಂಧ ಬಿಡಿಸುವುದು
(ಧಾರವಾಡದ ವಾಚನಾಲಯವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಎಡದಿಂದ ಬಲಕ್ಕೆ 4ನೆಯ ಸುಳಿವು ನೋಡಿ: ‘ಸೀತೆಯ ತಂದೆ ಹಿಂದಿರುಗಿದಾಗ ಸುಗ್ಗಿಯ ಕಾಳಿಗೆ ಜಾಗ ಸಿಕ್ಕಿತು (3)’. ಮುಂದಿನ ಸಾಲಿನ ಹಿರಿಯರೊಬ್ಬರು ಆಗಲೇ ‘ಹಗೇವು’ ಎಂದು ತುಂಬಿಬಿಟ್ಟಿದ್ದಾರೆ. ಜೋಳದ ಸೀಮೆಯವರಿಗೆ ಮೊದಲು ಹೊಳೆಯುವುದು ಅದೇ. ಮೂರು ಮನೆಗಳಲ್ಲಿ ಸರಿಯಾಗಿಯೂ ಕೂರುತ್ತದೆ. ಆದರೆ ರಾಯರೇ, ಸೀತೆಯ ತಂದೆ ಎಲ್ಲಿ ಹೋದ? ಜನಕನನ್ನು ಹಿಂದುಮುಂದು ಮಾಡಿ: ಕ, ನ, ಜ. ಕನಜ! ಸುಳಿವಿನಲ್ಲಿ ಒಂದು ಮಾತು ಅರ್ಥ ಹೇಳುತ್ತದೆ, ಇನ್ನೊಂದು ಅಕ್ಷರಗಳನ್ನು ಒದಗಿಸುತ್ತದೆ, ‘ಹಿಂದಿರುಗಿದಾಗ’ ಎಂಬಂಥದ್ದು ಅವುಗಳನ್ನು ಏನು ಮಾಡಬೇಕೆಂದು ಕಣ್ಸನ್ನೆ ಮಾಡುತ್ತದೆ. ‘ಚದುರಿದ’, ‘ಮಗುಚಿದ’, ‘ದಾರಿ ತಪ್ಪಿದ’, ‘ಗಲಿಬಿಲಿಗೊಂಡ’ ಎಂಬ ಪದ ಕಂಡ ಕೂಡಲೇ ಕಿವಿ ನಿಮಿರಬೇಕು.

ಈ ಆಟದ ಮೂಲ ನಮ್ಮದಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ವಜ್ರಾಕೃತಿಯ ಚೌಕಟ್ಟಿನ ಪದಬಂಧವನ್ನು ಪ್ರಕಟಿಸಿದರು. ಅಕ್ಷರಪಲ್ಲಟ ಅದಕ್ಕಿಂತ ಬಹಳ ಹಳೆಯದು. ‘ಮರಾ ಮರಾ’ ಎನ್ನುತ್ತ ರಾಮನನ್ನು ತಲುಪಿದ ವಾಲ್ಮೀಕಿಯ ಕಥೆ ನಿಮಗೆ ಗೊತ್ತೇ ಇದೆ.

ಇಂಗ್ಲಿಷಿನ ಪಟ್ಟುಗಳನ್ನು ಹಾಗೆಯೇ ತಂದರೆ ಕನ್ನಡದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಒಂದೇ ಮನೆ. ‘ಹುಬ್ಬಳ್ಳಿ’ಗೆ ಮೂರು ಮನೆ ಸಾಕು. ಒಂದು ಅಕ್ಷರದ ಕೊಂಬು, ಗುಡಿಸುಗಳನ್ನು ಕಳಚಿ ಇನ್ನೊಂದಕ್ಕೆ ಅಂಟಿಸುವಂತಿಲ್ಲ. ಏಳು ಬೇರೆ ಬೇರೆ ಅಕ್ಷರಗಳ ಇಂಗ್ಲಿಷ್ ಪದವನ್ನು 5040 ಬಗೆಯಲ್ಲಿ ಜೋಡಿಸಬಹುದು. ನಮ್ಮ ಮೂರಕ್ಷರದ ಪದಕ್ಕೆ ಇರುವುದು ಆರೇ ಬಗೆ, ‘ಕನಕ’ದಂತೆ ಅಕ್ಷರ ಮರುಕಳಿಸಿದರೆ ಮೂರೇ. ‘ದಾರಿ ತಪ್ಪಿದ ರಮಣ, ಕೊನೆ (3)’ ಎಂದರೆ ‘ಮರಣ’ ಎನ್ನಲು ಎಷ್ಟು ಹೊತ್ತು ಬೇಕು?

ಹಾಗಾಗಿ ಕನ್ನಡದಲ್ಲಿ ಕಷ್ಟವನ್ನು ಕಲಸುವುದರಲ್ಲಿ ಅಲ್ಲ, ಬಚ್ಚಿಡುವುದರಲ್ಲಿ ಇಡಬೇಕು ಎಂಬುದು ನನ್ನ ವಾದ. ಪದವನ್ನು ಹೇಳದೆ ಅದರ ಅರ್ಥವನ್ನಷ್ಟೇ ಕೊಟ್ಟು, ಅದನ್ನು ಕಲಸಿ ಎನ್ನುವುದು ಇಂಗ್ಲಿಷ್ ಪದಬಂಧದವರಿಗೆ ಸಾಮಾನ್ಯವಾಗಿ ಅನ್ಯಾಯ. ಅಷ್ಟೊಂದು ಸಾಧ್ಯತೆಗಳಿರುವಲ್ಲಿ ಅದು ಅನ್ಯಾಯವೇ ಸರಿ. ಆರೇ ಸಾಧ್ಯತೆಗಳಿರುವ ನಮಗೆ ಆ ಕಟ್ಟಳೆ ಏಕೆ? ‘ತಿರುಗಿ ಬಿದ್ದ ಸೊಕ್ಕು ಇಂದ್ರಿಯಗಳಿಗೆ ಕಡಿವಾಣ (2)’: ಸೊಕ್ಕು ಎಂದರೆ ಮದ, ಮದ ತಿರುಗಿದರೆ ದಮ. ಇದನ್ನು ಅನ್ಯಾಯ ಎನ್ನುವವರೊಂದಿಗೆ ನಾನು ಜಗಳಕ್ಕೆ ಸಿದ್ಧ. ಒಗಟಿನಂಥ ಮುಂಡಿಗೆಗಳನ್ನು ಒಡ್ಡಿದ ಕನಕದಾಸರು ಹುಟ್ಟಿದ ಬಾಡ ಗ್ರಾಮ ಇಲ್ಲೇ ಹಾವೇರಿ ಜಿಲ್ಲೆಯಲ್ಲಿದೆ. ಬಚ್ಚಿಟ್ಟು ಹೇಳುವುದನ್ನು ನಮ್ಮವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ.

ವಿಭಕ್ತಿ ಪ್ರತ್ಯಯದ್ದು ಇನ್ನೊಂದು ತೊಡಕು. ‘ರಮಣನಿಗೆ’ ಎಂದು ಬರೆದರೆ ‘ನಿಗೆ’ಯನ್ನೂ ಕಲಸಬೇಕೇ ಎಂದು ಬಿಡಿಸುವವರು ತಡವರಿಸುತ್ತಾರೆ. ಒಳ್ಳೆಯ ರಚನಕಾರರು ಪದ ಪ್ರತ್ಯಯವಿಲ್ಲದೆ ನಿಲ್ಲುವಂತೆ ವಾಕ್ಯ ಕಟ್ಟುತ್ತಾರೆ: ‘ತಿರುಗಿ ಕುಳಿತ ಕಪಿ ವಸಂತದಲ್ಲಿ ಹಾಡುತ್ತದೆ (2)’. ಉತ್ತರ ಪಿಕ.

ಅಡ್ಡ ಹಾಯುವ ಪದವನ್ನು, ಅಂದರೆ ಅದೇ ಮನೆಯ ಮೂಲಕ ಹೋಗುವ ಇನ್ನೊಂದು ಉತ್ತರವನ್ನು, ನಂಬಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಒಂದು ಕಾರಣವಿದೆ. 1610ರಲ್ಲಿ ಗೆಲಿಲಿಯೊ ಶನಿಗ್ರಹದ ಬಗ್ಗೆ ತಾನು ಕಂಡದ್ದನ್ನು 37 ಅಕ್ಷರಗಳ ಲ್ಯಾಟಿನ್ ಪಲ್ಲಟದಲ್ಲಿ ಅಡಗಿಸಿದ. ಅತಿ ದೂರದ ಗ್ರಹ ಮೂರು ಬಿಂಬಗಳಾಗಿ ಕಾಣುತ್ತದೆ ಎಂಬುದು ಅದರ ತಿರುಳು. ಕೆಪ್ಲರ್ ಅದನ್ನು ಬಿಡಿಸಲು ಹೋಗಿ, ಮಂಗಳನಿಗೆ ಎರಡು ಉಪಗ್ರಹಗಳಿವೆ ಎಂದು ಓದಿಕೊಂಡ. ಉತ್ತರ ತಪ್ಪು, ಸಂಗತಿ ಮಾತ್ರ ನಿಜ! 1877ರಲ್ಲಿ ಮಂಗಳನ ಎರಡು ಉಪಗ್ರಹಗಳು ಪತ್ತೆಯಾದವು. ಕೆಪ್ಲರನ ಮುಂದೆ ಅಡ್ಡ ಹಾಯುವ ಪದವಿರಲಿಲ್ಲ. ನಿಮ್ಮ ಮುಂದೆ ಇದೆ. ಮೇಲಿನಿಂದ ಕೆಳಕ್ಕೆ 2ನ್ನು ಬಿಡಿಸಿ; ಅದರ ಕೊನೆಯ ಅಕ್ಷರ ‘ಕ’. ‘ಹಗೇವು’ವಿನ ‘ಹ’ ಅಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ.

‘ಗದಗ’ ಎಂಬ ಹೆಸರನ್ನು ಇಂದು ಬಳಸಲಿಲ್ಲವೇ ಎಂದು ಯಾರೋ ಚೀಟಿ ಕಳುಹಿಸಿದ್ದಾರೆ. ಅದನ್ನು ಎತ್ತ ತಿರುಗಿಸಿದರೂ ಗದಗವೇ, ಕಲಸಿದರೆ ಅರ್ಥವೇ ಇಲ್ಲ. ಅಂಥವನ್ನು ಚೌಕದ ನಡುಮಧ್ಯೆ ಇಟ್ಟು ಉಳಿದದ್ದನ್ನು ಸುತ್ತ ಹೆಣೆಯುತ್ತೇವೆ. ನಿಮ್ಮ ಹಾಳೆಯ ನಡುವಿನ ಮೂರು ಮನೆಗಳು ಈಗ ತುಂಬಿದವು. ಉಳಿದವನ್ನು ತುಂಬಲು ಹದಿನೈದು ನಿಮಿಷ ಕೊಡುತ್ತೇನೆ. ಪಕ್ಕದವರ ಹಾಳೆ ನೋಡಬಹುದು.