ಕಟ್ಟುವ ಮನೆಯ ನಕ್ಷೆಯನ್ನೇ ಪಾಲಿಕೆಗೆ ಕೊಡಿ

ಸಭೆಯಲ್ಲಿರುವ ಹಿರಿಯರಿಗೆ, ಮೊದಲ ಸಲ ಮನೆ ಕಟ್ಟಲು ಹೊರಟಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ.

ಮನೆಗಳ ನಕ್ಷೆ ಬರೆಯುವ ಎಂಜಿನಿಯರ್ ನಾನು. ಪರವಾನಗಿಯ ಬಗ್ಗೆ ಹೇಳುವುದು ಬೇಕಾದಷ್ಟಿದ್ದರೂ ಇವತ್ತು ಒತ್ತಿ ಹೇಳುವುದು ಒಂದನ್ನೇ: ಯಾವ ಮನೆ ಕಟ್ಟುತ್ತೀರೋ ಅದರ ನಕ್ಷೆಯನ್ನೇ ಪಾಲಿಕೆಗೆ ಕೊಡಿ. ಮಂಜೂರಾತಿಗೊಂದು ನಕ್ಷೆ, ಗೌಂಡಿಯ ಕೈಗೆ ಇನ್ನೊಂದು ನಕ್ಷೆ ಎಂಬ ರೂಢಿ ಹುಬ್ಬಳ್ಳಿ–ಧಾರವಾಡದಲ್ಲಿ ಬೇರುಬಿಟ್ಟಿದೆ. ಒಂದರಲ್ಲಿ ನಾಲ್ಕೂ ಕಡೆ ಗಾಳಿಗೆ ಜಾಗ ಬಿಟ್ಟ ಮನೆ ಇರುತ್ತದೆ. ಇನ್ನೊಂದರಲ್ಲಿ ಕಂಪೌಂಡಿಗೆ ತಾಗಿದ ಗೋಡೆ, ಮೇಲೆ ಬಾಡಿಗೆಗೆಂದು ಇನ್ನೊಂದು ಅಂತಸ್ತು. ಈ ವ್ಯತ್ಯಾಸದ ಬೆಲೆ ತೆರುವವರು ಎಂಜಿನಿಯರೂ ಅಲ್ಲ, ಏಜೆಂಟರೂ ಅಲ್ಲ. ಜಾಗದ ಮಾಲೀಕರು.

ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ 299ನೇ ಕಲಮು ಮನೆ ಕಟ್ಟುವವರು ಆಯುಕ್ತರಿಗೆ ಅರ್ಜಿ ಕೊಡಬೇಕು ಎನ್ನುತ್ತದೆ. ಈಗ ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ನಕ್ಷೆಯನ್ನು ಹಾಕುವವರು ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್. ಹಾಗೆಂದು ಎಲ್ಲವನ್ನೂ ಅವರಿಗೇ ಬಿಟ್ಟು ಕೂರಬೇಡಿ. ಅರ್ಜಿಯಲ್ಲಿ ನಿಮ್ಮ ಮೊಬೈಲ್ ನಂಬರನ್ನೇ ಕೊಡಿಸಿ. ಏಜೆಂಟರ ನಂಬರ್ ಇದ್ದರೆ ಪಾಲಿಕೆ ತೆಗೆದ ಆಕ್ಷೇಪಣೆ ಅವರ ಫೋನಿಗೆ ಬಂದು ಅಲ್ಲೇ ಉಳಿಯುತ್ತದೆ. ನೀವು ಮಾತ್ರ ಕಚೇರಿಯವರು ತಡ ಮಾಡುತ್ತಿದ್ದಾರೆ ಎಂದುಕೊಂಡೇ ಕಾಯುತ್ತಿರುತ್ತೀರಿ.

ಕಾಗದಗಳು ಹೆಚ್ಚೇನಿಲ್ಲ. ನೋಂದಾಯಿತ ಖರೀದಿ ಪತ್ರ, ಇ-ಖಾತಾ ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಆನ್‌ಲೈನ್ ಪ್ರತಿ, ಸಿಟಿಎಸ್ ಉತಾರ ಅಂದರೆ ನಗರ ಮೋಜಣಿಯ ದಾಖಲೆ, ಕರ ತುಂಬಿದ ರಸೀದಿ, ಜಾಗದ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪತ್ರ. ಹೊಸ ಬಡಾವಣೆಯಾದರೆ ಜಾಗ ಎನ್‌ಎ (ಕೃಷಿಯೇತರ) ಆದ ಆದೇಶ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆಯೂ ಬೇಕು. ಬಾಂಡ್ ಕಾಗದದ ಮೇಲೆ ಗುಂಟೆ ಲೆಕ್ಕದಲ್ಲಿ ಪ್ಲಾಟ್ ಹಿಡಿದವರು ಇಲ್ಲಿಯೂ ಇರಬಹುದು. ಮನಸ್ಸಿಗೆ ಕಹಿಯಾದರೂ ಹೇಳಲೇಬೇಕು: ನೋಂದಣಿಯಾಗದ ಬಾಂಡ್ ನಿಮ್ಮನ್ನು ಮಾಲೀಕರನ್ನಾಗಿ ಮಾಡುವುದಿಲ್ಲ. ಮಾಲೀಕತ್ವ ಇಲ್ಲದಿದ್ದರೆ ಪರವಾನಗಿಯ ಮಾತೇ ಬರುವುದಿಲ್ಲ. ಅಕ್ರಮ ಬಡಾವಣೆಯ ಜಾಗಕ್ಕೆ ಕೊಡುವ ಬಿ ಖಾತಾ ಸಿಕ್ಕಿತು ಎಂದು ಸಮಾಧಾನಪಟ್ಟವರೂ ತಿಳಿಯಬೇಕು. ಅದರಿಂದ ಕರ ತುಂಬಬಹುದು, ಅಕ್ರಮ ಬಡಾವಣೆ ಸಕ್ರಮವಾಗುವುದಿಲ್ಲ.

ಅರ್ಜಿಗೆ ಮೊದಲು ಒಂದು ಕೆಲಸ ಮಾಡಿ. ಖರೀದಿ ಪತ್ರ ಹಿಡಿದು, ಟೇಪು ತೆಗೆದುಕೊಂಡು ಜಾಗಕ್ಕೆ ಹೋಗಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿ. ಪೂರ್ವಕ್ಕೆ ಮೂವತ್ತು ಅಡಿ ರಸ್ತೆ ಎಂದು ಬರೆದಿದ್ದರೆ ಆ ರಸ್ತೆ ಅಲ್ಲಿ ಮೂವತ್ತು ಅಡಿಯೇ ಇದೆಯೇ? ನಾಲ್ಕೂ ಬದಿ ಅಳೆದ ಮೇಲೆ ಮೂಲೆಯಿಂದ ಮೂಲೆಗೂ ಟೇಪು ಹಿಡಿಯಿರಿ. ಮೂವತ್ತು ನಲವತ್ತರ ಪ್ಲಾಟ್ ನೇರವಾಗಿದ್ದರೆ ಎರಡೂ ಕರ್ಣಗಳು ಸರಿಯಾಗಿ ಐವತ್ತು ಅಡಿ ಬರಬೇಕು. ಒಂದು ನಲವತ್ತೊಂಬತ್ತು, ಇನ್ನೊಂದು ಐವತ್ತೊಂದು ಬಂದರೆ ಪ್ಲಾಟ್ ಓರೆಯಾಗಿದೆ ಎಂದರ್ಥ. ಕಾಗದದ ಆಯತವನ್ನು ನಂಬಿ ಬರೆದ ನಕ್ಷೆಯಲ್ಲಿ ಮೂರು ಅಡಿ ಇದ್ದ ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಗಡಿಗೂ ನಡುವೆ ಬಿಡುವ ಜಾಗ, ಆಗ ಒಂದು ಮೂಲೆಯಲ್ಲಿ ಎರಡೇ ಅಡಿಗೆ ಇಳಿಯುತ್ತದೆ. ಇದು ಬುನಾದಿ ತೋಡುವ ದಿನ ಗೊತ್ತಾದರೆ ಗೌಂಡಿ ತನಗೆ ತೋಚಿದಂತೆ ಗೋಡೆ ಸರಿಸುತ್ತಾನೆ. ಮಂಜೂರಾದ ನಕ್ಷೆ ಸುಳ್ಳಾಗುವುದು ಎಷ್ಟೋ ಸಲ ಹೀಗೆ, ಯಾರ ದುರಾಸೆಯೂ ಇಲ್ಲದೆ.

ದುರಾಸೆಯಿಂದ ಸುಳ್ಳಾಗುವುದೂ ಇದೆ, ಅದು ಮೇಲಂತಸ್ತಿನಲ್ಲಿ. ನಮ್ಮ ಭಾಗದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರಡು ಅಂತಸ್ತಿಗೆ ಲೆಕ್ಕ ಹಾಕಿದ ಬುನಾದಿಯ ಮೇಲೆ, ಮಗನ ಮದುವೆಯಾಯಿತೆಂದು ಮೂರನೆಯದನ್ನು ಏರಿಸಿದರೆ ಆ ಭಾರದ ಲೆಕ್ಕವನ್ನು ಯಾರೂ ಮಾಡಿರುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. ಅದು ವಾಣಿಜ್ಯ ಕಟ್ಟಡ, ನಾವು ಮಾತಾಡುತ್ತಿರುವುದು ಮನೆಯ ಬಗ್ಗೆ, ನಿಜ. ಆದರೆ ಕಾಲಂ ಹೊರುವ ಭಾರಕ್ಕೆ ಆ ಭೇದ ಗೊತ್ತಿಲ್ಲ. ಮುಂದೆ ಮೂರನೇ ಅಂತಸ್ತು ಬೇಕು ಎನಿಸಿದರೆ ಈಗಲೇ ಹೇಳಿ, ಬುನಾದಿಯನ್ನು ಅದಕ್ಕೇ ವಿನ್ಯಾಸ ಮಾಡಿಸಿ. ಏರಿಸುವಾಗ ಮತ್ತೆ ಅರ್ಜಿ ಕೊಡಿ.

"ಮೊದಲು ಕಟ್ಟೋಣ, ಸಕ್ರಮ ಆಮೇಲೆ ಆಗುತ್ತದೆ" ಎನ್ನುವವರು ಊರ ತುಂಬ ಇದ್ದಾರೆ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡುವ ರಾಜ್ಯದ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಇನ್ನೂ ಬಿಗಿಯಾಗಿ ಹೇಳಿತು. ಮಂಜೂರಾದ ನಕ್ಷೆಯನ್ನು ಕೆಲಸ ನಡೆಯುವ ಜಾಗದಲ್ಲಿ ತೂಗುಹಾಕಬೇಕು, ಕಟ್ಟಡ ಮುಗಿದ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು. ಇದಾದ ಮೇಲೆ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂ ಕಚೇರಿಗೆ ಮೀಟರ್ ಕೇಳಲು ಹೋದವರಿಗೆ ಆ ಪ್ರಮಾಣಪತ್ರದ ತೂಕ ಗೊತ್ತಾಗಿದೆ.

ಹಾಗಾಗಿ ಬಣ್ಣ ಬಳಿದು ಗೃಹಪ್ರವೇಶ ಮುಗಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಆಗಲೇ ಹೇಳಿದ 1976ರ ಅಧಿನಿಯಮದ 310ನೇ ಕಲಮಿನಂತೆ ಕಟ್ಟಡ ಪೂರ್ಣವಾದುದನ್ನು ಪಾಲಿಕೆಗೆ ಬರೆದು ತಿಳಿಸಿ, ವಾಸಕ್ಕೆ ಅನುಮತಿ ಪಡೆಯಬೇಕು. ಆ ತಪಾಸಣೆಗೆ ಬರುವ ಎಂಜಿನಿಯರ್ ಕೈಯಲ್ಲಿ ಇರುವುದು ನೀವು ಮೊದಲು ಕೊಟ್ಟ ನಕ್ಷೆಯೇ. ನಡುವೆ ಏನಾದರೂ ಬದಲಿಸಬೇಕಾಗಿ ಬಂದರೆ, ಕಿಟಕಿಯಂಥ ಚಿಕ್ಕದಿರಲಿ, ಕೋಣೆಯಂಥ ದೊಡ್ಡದಿರಲಿ, ಗೋಡೆ ಏಳುವ ಮೊದಲೇ ನಿಮ್ಮ ಎಂಜಿನಿಯರರನ್ನು ಕೇಳಿ, ಬೇಕಿದ್ದರೆ ತಿದ್ದಿದ ನಕ್ಷೆಗೆ ಮಂಜೂರಾತಿ ಪಡೆಯಿರಿ.

ಖರೀದಿ ಪತ್ರ ತಂದವರು ಮುಂದಿನ ಸಾಲಿಗೆ ಬನ್ನಿ, ಒಂದೊಂದಾಗಿ ನೋಡೋಣ.