ಅಪ್ಪನ ಹೆಸರಿನಿಂದ ನನ್ನನ್ನು ಕರೆಯುವ ಊರು

ಹಲ್ಲಿನ ವೈದ್ಯರ ಬಳಿ ಸರದಿಗಾಗಿ ಕಾಯುತ್ತಿದ್ದೆ. ಒಳಗಿನಿಂದ ಬಂದ ಸಹಾಯಕಿ "ಮೆನೇರ್ ರುದ್ರಪ್ಪ!" ಎಂದು ಕರೆದರು, ಡಚ್ ಭಾಷೆಯಲ್ಲಿ ಮೆನೇರ್ ಎಂದರೆ ಶ್ರೀಯುತ. ನಾನು ಮೊಬೈಲ್ ನೋಡುತ್ತಲೇ ಕುಳಿತಿದ್ದೆ. ಮೂರನೆಯ ಸಲ ಕರೆದಾಗ ಹೊಳೆಯಿತು, ರುದ್ರಪ್ಪ ಎಂದರೆ ನಾನೇ. ನಿಜವಾದ ರುದ್ರಪ್ಪನವರು ಆ ಹೊತ್ತಿಗೆ ತಿಪಟೂರಿನ ಹತ್ತಿರ ತೆಂಗಿನ ಬುಡಕ್ಕೆ ನೀರು ಬಿಡುತ್ತಿದ್ದಿರಬೇಕು.

ನಮ್ಮ ಮನೆಯಲ್ಲಿ ಅಡ್ಡಹೆಸರು ಎಂಬುದೇ ಇಲ್ಲ, ಇರುವುದು ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರಿನ ಆ ಒಂದಕ್ಷರವನ್ನು ಬಿಡಿಸಿ ಬರೆದೆ. ಅಂದಿನಿಂದ ನೆದರ್ಲೆಂಡ್ಸ್‌ನಲ್ಲಿ ನಮ್ಮ ಅಪ್ಪನೇ ನನ್ನ ಮನೆತನ.

ಈಗ ನೀವು ನೋಡುತ್ತಿರುವುದು ಲೈಡನ್ ಪಟ್ಟಣ. ಈ ಕಾಲುವೆಯಂತೆ ಕಾಣುವ ನೀರು ಹಳೆಯ ರೈನ್ ನದಿಯದು. ದಡದಲ್ಲಿರುವ ಗಾಳಿಗಿರಣಿ ಹಳೆಯದರಂತೆ ಕಂಡರೂ 1987ರಲ್ಲಿ ಮರಳಿ ಕಟ್ಟಿದ್ದು. ಇದರ ಆಸುಪಾಸಿನಲ್ಲೇ 1606ರಲ್ಲಿ ಒಬ್ಬ ಗಿರಣಿಯವನಿಗೆ ಮಗ ಹುಟ್ಟಿದ. ಆ ಮಗನ ಪೂರ್ತಿ ಹೆಸರು ರೆಂಬ್ರಾಂಟ್ ಹಾರ್ಮೆನ್ಸ್‌ಜೋನ್ ಫಾನ್ ರೈನ್. ಬಿಡಿಸಿ ನೋಡಿದರೆ ರೆಂಬ್ರಾಂಟ್, ಹಾರ್ಮೆನ್‌ನ ಮಗ, ರೈನ್ ದಡದವನು. ಅವನ ಅಪ್ಪ ಹಾರ್ಮೆನ್ ಗೆರಿಟ್ಸ್‌ಜೋನ್, ಅಂದರೆ ಗೆರಿಟ್‌ನ ಮಗ. ಊರು, ತಂದೆ, ತನ್ನ ಹೆಸರು! ನಮ್ಮೂರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದದ್ದೂ ಇದೇ, ಅಲ್ಲಿ ಅದು ಎರಡು ಇನಿಷಿಯಲ್‌ಗಳಲ್ಲಿ ಮುಗಿಯುತ್ತಿತ್ತು. ಲೋಕ ಕೊಂಡಾಡುವ ಕಲಾವಿದನಿಗೂ ನನ್ನಂತೆಯೇ ಅಪ್ಪನ ಹೆಸರು ಅಂಟಿಕೊಂಡಿತ್ತು ಎಂದು ತಿಳಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಈ ಓಣಿಯ ಬಾಗಿಲುಗಳ ಮೇಲಿನ ಹೆಸರುಗಳನ್ನು ಓದುತ್ತಾ ನಡೆಯುವುದು ನನ್ನ ಸಂಜೆಯ ಚಟ. ಬಾಕ್ಕರ್ ಎಂದರೆ ಬ್ರೆಡ್ ಸುಡುವವನು, ವಿಸ್ಸರ್ ಎಂದರೆ ಮೀನುಗಾರ, ಸ್ಮಿಟ್ ಎಂದರೆ ನಮ್ಮ ಕಮ್ಮಾರ. ಇವು ಸುಲಭ. ಡೆ ಫ್ರೀಸ್ ಎಂಬುದು ಸ್ವಲ್ಪ ತುಂಟ ಹೆಸರು. ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದವನು ಎಂದು ಅರ್ಥ. ಆದರೆ ಎಲ್ಲರೂ ಫ್ರೀಸ್‌ಲ್ಯಾಂಡಿನವರೇ ಆಗಿರುವ ಕಡೆ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲವಲ್ಲ! ಊರು ಬಿಟ್ಟು ಬಂದವನಿಗೇ ಊರಿನ ಹೆಸರು ಹತ್ತುವುದು. ಹಾಸ್ಟೆಲ್‌ನಲ್ಲಿ ನನ್ನನ್ನು ಐದು ವರ್ಷ "ತಿಪಟೂರು" ಎಂದೇ ಕರೆಯುತ್ತಿದ್ದರು, ತಿಪಟೂರಿನಲ್ಲಿ ಒಬ್ಬರೂ ಹಾಗೆ ಕರೆದಿಲ್ಲ. ಅಮೆರಿಕದ ಸಿರಿವಂತ ವಾಂಡರ್‌ಬಿಲ್ಟ್ ಮನೆತನದ ಹೆಸರೂ ಹೀಗೆಯೇ, ಉಟ್ರೆಕ್ಟ್ ಪಕ್ಕದ ಡೆ ಬಿಲ್ಟ್ ಎಂಬ ಪುಟ್ಟ ಊರಿನಿಂದ ಹೊರಟದ್ದು. ನಾವು ವ್ಯಾನ್ ಗೋ ಎನ್ನುವ ಚಿತ್ರಕಾರನ ಹೆಸರಿನ ಮೂಲ ಜರ್ಮನಿಯ ಗಡಿಯಾಚೆಗಿನ ಗೊಖ್ ಎಂಬ ಪಟ್ಟಣ. ಇಲ್ಲಿಯವರು ಅದನ್ನು ಗಂಟಲಿನಿಂದ, ಕಫ ತೆಗೆಯುವಂತೆ ಹೇಳುತ್ತಾರೆ. ಫ್ರಾನ್ಸಿನಲ್ಲಿ ಜನರ ನಾಲಿಗೆಗೆ ಅದು ಒಗ್ಗುವುದಿಲ್ಲವೆಂದು ಆತ ಚಿತ್ರಗಳ ಮೇಲೆ ಬರೀ ವಿನ್ಸೆಂಟ್ ಎಂದು ಸಹಿ ಹಾಕಿದ. ಕಾಫಿ ಅಂಗಡಿಯಲ್ಲಿ ಲೋಟದ ಮೇಲೆ ಬರೆಸಲು ನಾನೂ ಹೆಸರನ್ನು ಮೊಟಕು ಮಾಡಿಕೊಂಡಿದ್ದೇನೆ.

ಹಳ್ಳಿಗಾಡಿನಲ್ಲಿ, ಅದರಲ್ಲೂ ಫ್ರೀಸ್‌ಲ್ಯಾಂಡಿನಲ್ಲಿ, ಬಹಳ ಕಾಲ ಅಪ್ಪನ ಹೆಸರೇ ಸಾಕಾಗಿತ್ತು. ಯಾನ್‌ನ ಮಗ ಪೀಟರ್ ಯಾನ್ಸ್, ಪೀಟರ್‌ನ ಮಗ ಮತ್ತೆ ಯಾನ್ ಪೀಟರ್ಸ್. ತಲೆಮಾರಿಗೊಮ್ಮೆ ಹೆಸರು ತಿರುಗುಮುರುಗಾದರೆ ಸೈನ್ಯಕ್ಕೆ ಆಳು ಎತ್ತುವ ಅಧಿಕಾರಿ ಏನು ಮಾಡಬೇಕು? 1810ರಲ್ಲಿ ಈ ದೇಶವನ್ನು ಫ್ರಾನ್ಸಿಗೆ ಸೇರಿಸಿಕೊಂಡ ನೆಪೋಲಿಯನ್ ಮರುವರ್ಷ ಆಗಸ್ಟ್ 18ರಂದು ಆಜ್ಞೆ ಹೊರಡಿಸಿದ: ಅಡ್ಡಹೆಸರು ಇಲ್ಲದವರು ಒಂದನ್ನು ಆರಿಸಿಕೊಂಡು ಬರೆಸಬೇಕು. ಎಲ್ಲರೂ ಕಿವಿಗೊಡಲಿಲ್ಲ. 1825ರಲ್ಲಿ ಇಲ್ಲಿನ ದೊರೆ ಮತ್ತೊಮ್ಮೆ ಆಜ್ಞೆ ಮಾಡಬೇಕಾಯಿತು.

ಇಲ್ಲಿ ಎಲ್ಲರೂ ಹೇಳುವ ಒಂದು ಕಥೆಯಿದೆ. ನೆಪೋಲಿಯನ್‌ನನ್ನು ಗೇಲಿ ಮಾಡಲು ಜನ ಬೇಕೆಂದೇ ತಮಾಷೆಯ ಹೆಸರು ಬರೆಸಿದರಂತೆ. ಸಾಕ್ಷಿಗೆ ನಾಕ್ಟ್‌ಖೆಬೋರೆನ್ ಎಂಬ ಹೆಸರನ್ನು ಎತ್ತುತ್ತಾರೆ, "ಬೆತ್ತಲೆ ಹುಟ್ಟಿದವನು" ಎಂದು ಅದರ ಅರ್ಥ. ನಾನೂ ಈ ಕಥೆಯನ್ನು ನಂಬಿ ನಾಲ್ಕು ಜನರಿಗೆ ಹೇಳಿ ನಗಿಸಿದ್ದೆ. ಆದರೆ ಆ ಹೆಸರು ನೆಪೋಲಿಯನ್‌ಗಿಂತ ಹಳೆಯದು. ಹೆಸರುಗಳ ಜಾಡು ಹಿಡಿದವರ ಪ್ರಕಾರ ಅದು ಜರ್ಮನ್ ಪದವೊಂದು ಬಾಯಿಂದ ಬಾಯಿಗೆ ಬಿದ್ದು ಸವೆದ ರೂಪ. ಮೂಲ ಅರ್ಥ "ಆಮೇಲೆ ಹುಟ್ಟಿದವನು", ಅಂದರೆ ಅಪ್ಪ ತೀರಿಕೊಂಡ ಮೇಲೆ ಹುಟ್ಟಿದ ಮಗು. ಅದನ್ನು ಓದಿದ ಮೇಲೆ ಆ ನಗೆಹನಿ ಹೇಳುವುದನ್ನು ಬಿಟ್ಟೆ.

ನನ್ನ ಮೆಚ್ಚಿನ ಹೆಸರು ಮಾತ್ರ ಬೇರೆ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತಿರುವ, ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್‌ಗೆ (ಲೆಕ್ಕದ ವಿಧಾನಕ್ಕೆ) ಅದನ್ನು ಕಂಡುಹಿಡಿದ ಡಚ್ಚನಿಂದ ಬಂದ ಹೆಸರು ಅದು. ನಾವು ತರಗತಿಯಲ್ಲಿ "ಡಿಜ್‌ಕ್‌ಸ್ಟ್ರಾ" ಎಂದು ಹಲ್ಲು ಮುರಿದುಕೊಳ್ಳುತ್ತಿದ್ದೆವು. ಇಲ್ಲಿ ಅದು ಡೈಕ್‌ಸ್ಟ್ರಾ. ಆ ಹೆಸರಿನ ನಡುವೆ ಐ, ಜೆ, ಕೆ ಅಕ್ಷರಗಳು ಸಾಲಾಗಿ ಬರುತ್ತವೆ, ಪ್ರೋಗ್ರಾಂ ಬರೆಯುವವರು ಎಣಿಕೆಗೆ ಬಳಸುವುದು ಇದೇ ಮೂರು ಅಕ್ಷರಗಳನ್ನು, ಹಾಗಾಗಿ ಅವರಿಗೆ ಇದರ ಮಜಾ ಗೊತ್ತು. ಡೈಕ್ ಎಂದರೆ ಏರಿ. ಕೊನೆಯ 'ಸ್ಟ್ರಾ' ಫ್ರೀಸ್‌ಲ್ಯಾಂಡಿನದು, ಅಲ್ಲಿ ವಾಸಿಸುವವನು ಎಂದು ಸೂಚಿಸುತ್ತದೆ. ಕೂಡಿಸಿದರೆ ಏರಿಯ ಮೇಲಿನ ಮನೆಯವನು. ನಮ್ಮ ತೋಟವೂ ಕೆರೆ ಏರಿಯ ಕೆಳಗೇ ಇದೆ. ಮೊದಲೇ ಗೊತ್ತಿದ್ದರೆ ಪಾಸ್‌ಪೋರ್ಟಿನಲ್ಲಿ ಹಾಗೆಯೇ ಬರೆಸಬಹುದಿತ್ತು.

ಹಲ್ಲಿನ ವೈದ್ಯರ ಬಳಿ ನಡೆದದ್ದನ್ನು ಆ ರಾತ್ರಿ ಅಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು.

"ಹಾಗಾದರೆ ನಾನು ಅಲ್ಲಿಗೆ ಬಂದರೆ?"

"ನಿಮ್ಮನ್ನು ಚನ್ನಬಸಪ್ಪ ಎನ್ನುತ್ತಾರೆ ಅಪ್ಪ, ಅಜ್ಜನ ಹೆಸರಿನಿಂದ."

"ಪಾಪ," ಎಂದರು ಅಪ್ಪ, "ಅವನು ತಿಪಟೂರಿನ ಸಂತೆಯನ್ನು ದಾಟಿ ಆಚೆಗೆ ಹೋದವನಲ್ಲ."