ಕರ್ಮ ಅಲ್ಲ ಆಯಿ, ಕರಾಮು!

ನಮಸ್ಕಾರ ಎಲ್ರಿಗೂ. ಸ್ಕ್ರೀನ್ ಮೇಲೆ ಬರೀ ಸ್ನೋ, ಕಾರಿನ ವೈಪರ್, ನಮ್ಮ ಆಯಿಯ (ಅಂದ್ರೆ ಅಮ್ಮನ) ಮಂಕಿ ಕ್ಯಾಪ್ ಇಷ್ಟೇ ಬರ್ತಿದೆ ಅಂತ ಗೊತ್ತು, ಬೈಬೇಡಿ. ಶೋ ನಡೀವಾಗ ಒಳಗೆ ಕ್ಯಾಮೆರಾ ತೆಗೆಯೋ ಹಾಗಿರ್ಲಿಲ್ಲ, ಅದಕ್ಕೆ ಈ ಸಲ ವಿಡಿಯೋ ಕಮ್ಮಿ, ನನ್ನ ಮಾತು ಜಾಸ್ತಿ.

ಇದು ಕ್ಲೀವ್‌ಲ್ಯಾಂಡ್, ಓಹಾಯೋ. ಈಸ್ಟ್ 89ನೇ ಸ್ಟ್ರೀಟು, ಕ್ವಿನ್ಸಿ ಅವೆನ್ಯೂ ಸೇರೋ ಮೂಲೆ. ಈ ಇಟ್ಟಿಗೆ ಬಿಲ್ಡಿಂಗ್ ಮುಂದೆ ನಾನು ಅದೆಷ್ಟು ಸಲ ಗಾಡಿ ಓಡಿಸ್ಕೊಂಡು ಹೋಗಿದೀನೋ, ಯಾವುದೋ ಸ್ಕೂಲು ಅಂದ್ಕೊಂಡಿದ್ದೆ. ಆಯಿ ಊರಿಂದ ಬಂದು ಎರಡು ತಿಂಗಳು, ಮನೇಲೇ ಕೂತು ಕೂತು ಬೇಜಾರಾಗಿ, ಎಲ್ಲಾದ್ರೂ ಕರ್ಕೊಂಡು ಹೋಗೇ ಅಂದ್ರು. ಡಿಸೆಂಬರ್ ಚಳೀಲಿ ಎಲ್ಲಿಗೆ ಅಂತ ಹೋಗೋದು, ಕೊನೆಗೆ ಆಫೀಸಿನ ಫ್ರೆಂಡ್ ಒಬ್ಬಳು ಹೇಳಿದ್ಲು ಕರಾಮು ಹೌಸಲ್ಲಿ ನಾಟಕ ಇದೆ ಹೋಗಿ ಅಂತ. ಆಯಿಗೆ ಹೇಳಿದ್ರೆ "ಕರ್ಮ ಹೌಸಾ? ಎಂತ ಹೆಸ್ರು ಮಾರಾಯ್ತಿ ಅದು!"

ಕರ್ಮ ಅಲ್ಲ, ಕರಾಮು. ಸ್ವಾಹಿಲಿ ಮಾತು, ಔತಣ ಅಂತ ಅರ್ಥ, ಎಲ್ಲಾ ಸೇರಿ ಖುಷಿ ಪಡೋ ಜಾಗ ಅಂತ ಅವ್ರು ಹೇಳ್ತಾರೆ. ಅಮೆರಿಕದಲ್ಲಿ ಕಪ್ಪು ಜನರ ನಾಟಕ ಮಾಡ್ಕೊಂಡು ಬಂದಿರೋ ಥಿಯೇಟರ್‌ಗಳಲ್ಲಿ ಇದೇ ಹಳೇದಂತೆ. ಶುರುವಾಗಿದ್ದು 1915ರಲ್ಲಿ, ಅದೂ ಥಿಯೇಟರ್ ಆಗಿ ಅಲ್ಲ. ಓಬರ್ಲಿನ್ ಕಾಲೇಜಲ್ಲಿ ಓದಿದ್ದ ರಸೆಲ್ ಜೆಲಿಫ್, ರೋವೀನಾ ಜೆಲಿಫ್ ಅಂತ ಗಂಡ ಹೆಂಡ್ತಿ, ಇಬ್ರೂ ಬಿಳಿಯರು, ಬಡವರ ಕೇರೀಲಿ ಒಂದು ಮನೆ ಮಾಡಿ ಯಾರ ಮಕ್ಕಳು ಬೇಕಾದ್ರೂ ಬನ್ನಿ ಅಂದ್ರು. ಆಗ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಫ್ಯಾಕ್ಟರಿ ಕೆಲ್ಸ ಹುಡ್ಕೊಂಡು, ಅಲ್ಲಿನ ಹಿಂಸೆ ತಾಳಲಾರದೆ, ಈ ಕಡೆ ಸಾವಿರಗಟ್ಲೆ ಬರ್ತಿದ್ದ ಕಾಲ. ಆಟ, ಚಿತ್ರ ಬಿಡಿಸೋದು, ನಾಟಕ ಎಲ್ಲಾ ಅದೇ ಮನೇಲಿ. ಆಮೇಲೆ ದೊಡ್ಡವ್ರೂ ಸೇರಿ ತಂಡ ಕಟ್ಕೊಂಡ್ರು, ಚಾರ್ಲ್ಸ್ ಗಿಲ್ಪಿನ್ ಅನ್ನೋ ದೊಡ್ಡ ಕಪ್ಪು ನಟನ ಹೆಸರಲ್ಲಿ ಗಿಲ್ಪಿನ್ ಪ್ಲೇಯರ್ಸ್. ಹಗಲು ಎಲ್ಲೋ ದುಡಿದು ರಾತ್ರಿ ರಿಹರ್ಸಲ್ ಮಾಡೋ ಜನ, ನಮ್ಮೂರ ಹವ್ಯಾಸಿ ತಂಡಗಳ ಥರಾನೇ.

ಈ ಮನೆಗೆ ಬರ್ತಿದ್ದ ಹುಡುಗರಲ್ಲಿ ಒಬ್ಬ ಲ್ಯಾಂಗ್ಸ್ಟನ್ ಹ್ಯೂಸ್, ಹೌದು ಕವಿ ಹ್ಯೂಸೇ, ಇಲ್ಲೇ ಸೆಂಟ್ರಲ್ ಹೈಸ್ಕೂಲಲ್ಲಿ ಓದಿದ್ದು. ಇವ್ರದ್ದೊಂದು ಕಥೆ ಹೇಳ್ಲೇಬೇಕು. 1931, ಹ್ಯೂಸ್ ಅಮ್ಮನ್ನ ನೋಡಕ್ಕೆ ಕ್ಲೀವ್‌ಲ್ಯಾಂಡಿಗೆ ಬಂದಿದಾರೆ, ರೋವೀನಾ ಅವ್ರು ಖುಷೀಲಿ, ನಮಗೊಂದು ಒಳ್ಳೆ ನಾಟಕ ಸಿಕ್ಕಿದೆ, ಜೋರಾ ನೀಲ್ ಹರ್ಸ್ಟನ್ ಅನ್ನೋ ಕಪ್ಪು ಲೇಖಕಿ ಬರ್ದಿರೋದು ಅಂತಾರೆ. ನೋಡಿದ್ರೆ ಅದು ಹ್ಯೂಸ್ ಮತ್ತು ಹರ್ಸ್ಟನ್ ಇಬ್ರೂ ಕೂತು ಬರ್ದಿದ್ದ 'ಮ್ಯೂಲ್ ಬೋನ್'! ಸ್ಕ್ರಿಪ್ಟ್ ಮೇಲೆ ಹ್ಯೂಸ್ ಹೆಸ್ರೇ ಇಲ್ಲ. ಅಷ್ಟೇ, ಜಗಳ ಹತ್ಕೊಳ್ತು, ಹರ್ಸ್ಟನ್ ಕ್ಲೀವ್‌ಲ್ಯಾಂಡಿಗೇ ಬಂದು ಇನ್ನೂ ದೊಡ್ಡದಾಯ್ತು, ನಾಟಕ ಕ್ಯಾನ್ಸಲ್, ಸ್ನೇಹಾನೂ ಕ್ಯಾನ್ಸಲ್. ಆ ನಾಟಕ ಕೊನೆಗೆ ಸ್ಟೇಜ್ ಹತ್ತಿದ್ದು 1991ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ, ಅಷ್ಟೊತ್ತಿಗೆ ಇಬ್ರೂ ಬದುಕಿಲ್ಲ. ಯಾರು ಸರಿ ಅಂತ ನಾನಂತೂ ಪಂಚಾಯ್ತಿ ಮಾಡಲ್ಲ. ಹ್ಯೂಸ್ ಮಾತ್ರ ಈ ತಂಡ ಬಿಡ್ಲಿಲ್ಲ, ಮುಂದಿನ ವರ್ಷಗಳಲ್ಲಿ ಅವ್ರ ಎಷ್ಟೋ ನಾಟಕ ಮೊದಲು ಆಡಿದ್ದು ಇವ್ರೇ.

1939ರಲ್ಲಿ ಬೆಂಕಿ ಬಿದ್ದು ಹಳೇ ಥಿಯೇಟರ್ ಹೋಯ್ತು, ಈಗಿನ ಬಿಲ್ಡಿಂಗ್ ಆಗಿದ್ದು 1949ಕ್ಕೆ, ಹತ್ತು ವರ್ಷ! ಅಷ್ಟು ದಿನ ತಂಡ ಒಡೆದು ಹೋಗ್ದೇ ಇದ್ದಿದ್ದೇ ಹೆಚ್ಚು ಅನ್ಸುತ್ತೆ ನಂಗೆ.

ಸರಿ, ಶೋಗೆ ಬರೋಣ. ನಾವು ನೋಡಿದ್ದು 'ಬ್ಲ್ಯಾಕ್ ನೇಟಿವಿಟಿ', ಅದೂ ಹ್ಯೂಸ್ ಅವ್ರದ್ದೇ, ಯೇಸು ಹುಟ್ಟಿದ ಕಥೇನ ಗಾಸ್ಪೆಲ್ ಹಾಡಲ್ಲಿ (ಕಪ್ಪು ಜನರ ಚರ್ಚ್ ಹಾಡು), ಕುಣಿತದಲ್ಲಿ ಹೇಳೋದು, ಕ್ರಿಸ್ಮಸ್ ಟೈಮಲ್ಲಿ ಇಲ್ಲಿ ಆಡ್ತಾರೆ. ಹಾಲ್ ದೊಡ್ಡದಲ್ಲ, ಹಿಂದಿನ ಸೀಟಿಂದನೂ ಹಾಡೋರ ಹಣೆ ಬೆವರು ಕಾಣುತ್ತೆ. ನಮ್ಮ ಪಕ್ಕದಲ್ಲಿ ಒಬ್ರು ಅಜ್ಜಿ, ಕೆಂಪು ಹ್ಯಾಟು, ಘಮಘಮ ಸೆಂಟು. ನಾಟಕ ಶುರುವಾಗಿ ಐದು ನಿಮಿಷ ಆಗಿಲ್ಲ, ಅಜ್ಜಿ "ಯೆಸ್ ಲಾರ್ಡ್!" ಅಂತ ಕೂಗಿದ್ರು, ನಾನು ಬೆಚ್ಚಿಬಿದ್ದೆ. ಆಮೇಲೆ ಆ ಕಡೆಯಿಂದ ಒಬ್ರು, ಹಿಂದಿನಿಂದ ಒಬ್ರು, ಸ್ಟೇಜ್ ಮೇಲಿನವಳು ಒಂದು ಸಾಲು ಎತ್ತಿದ್ರೆ ಕೆಳಗಿರೋ ಜನ ಚಪ್ಪಾಳೇಲಿ ಉತ್ತರ ಕೊಡೋದು, ಅವಳು ಅದನ್ನ ಕೇಳಿ ಅದೇ ಸಾಲನ್ನ ಇನ್ನೂ ಮೇಲಕ್ಕೆ ಒಯ್ಯೋದು. ನಾನು ಉಸಿರು ಬಿಡ್ದೆ ಕೂತು ನಾಟಕ ನೋಡಿ ಕಲ್ತೋಳು, ಎಲ್ಲಿ ಚಪ್ಪಾಳೆ ಹೊಡೀಬೇಕು ಅಂತಾನೇ ತಿಳೀಲಿಲ್ಲ. ಆಯಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ರೆ ಅಜ್ಜಿ ಜೊತೆ ಅವ್ರ ಕೈ ಆಗ್ಲೇ ತಾಳ ಹಾಕ್ತಿತ್ತು. ನನ್ನ ಕಿವೀಲಿ "ನಮ್ಮ ಆಟದ ಥರಾನೇ ಇದ್ದು" ಅಂದ್ರು. ಆಟ ಅಂದ್ರೆ ಯಕ್ಷಗಾನ, ಗೊತ್ತಿಲ್ಲದೋರಿಗೆ.

ಇಂಟರ್ವಲ್ಲಲ್ಲಿ ಆಯಿ ಸುಮ್ನೆ ಕಾಫಿ ಕಪ್ ಹಿಡ್ಕೊಂಡು ನಿಂತಿದ್ರು. ಆಮೇಲೆ ಮಂಚಿಕೇರಿ ವಿಷ್ಯ ತೆಗೆದ್ರು. ನಮ್ದು ಯಲ್ಲಾಪುರದ ಕಡೆ, ಅಲ್ಲಿ ಸಿದ್ದಿ ಜನ ಇದಾರೆ, ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದೋರ ವಂಶ, ಗೋವಾದಲ್ಲಿ ಪೋರ್ಚುಗೀಸರ ಹತ್ರ ಗುಲಾಮರಾಗಿದ್ದು ತಪ್ಪಿಸ್ಕೊಂಡು ನಮ್ಮ ಕಾಡು ಸೇರಿದೋರೂ ಅದ್ರಲ್ಲಿದಾರೆ. ಎಂಬತ್ತರ ದಶಕದಲ್ಲಿ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ಚಿದಂಬರರಾವ್ ಜಂಬೆ ಅವ್ರು ಮಂಚಿಕೇರಿಯ ಸಿದ್ದಿಗಳ ಜೊತೆ 'ಕಪ್ಪು ಜನ ಕೆಂಪು ನೆರಳು' ಅಂತ ನಾಟಕ ಮಾಡ್ಸಿದ್ರು, ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿ ಇಟ್ಕೊಂಡು. ಇವತ್ತು ಸಿನಿಮಾದಲ್ಲಿ ನೀವು ನೋಡೋ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಇಬ್ರೂ ನೀನಾಸಂನಲ್ಲಿ ಕಲ್ತೋರೇ. ಆಯಿ ಆಗ ಕಾಲೇಜು ಹುಡುಗಿ, ಆ ನಾಟಕ ನೋಡಿದ್ರಂತೆ. ಕಥೆ ಎಲ್ಲಾ ಮರ್ತು ಹೋಗಿದೆ. ನೆನಪಿರೋದು ಒಂದೇ, ನಮ್ಮ ಅಡಿಕೆ ತೋಟದ ಕೆಲ್ಸಕ್ಕೆ ಬರ್ತಿದ್ದ ಒಬ್ರು ಸ್ಟೇಜ್ ಮೇಲೆ ನಿಂತು ಮಾತಾಡ್ತಿದ್ರು, ಅಜ್ಜ ಮೊದಲನೇ ಸಾಲಲ್ಲಿ ಕೂತು ಕೇಳ್ತಿದ್ರು. "ಅಲ್ಲೀವರೆಗೆ ಅವ್ರು ನಮ್ಮನೆ ಜಗಲಿ ಹತ್ತಿದ್ದೇ ನಾ ನೋಡಿರ್ಲಿಲ್ಲ" ಅಂದ್ರು ಆಯಿ. ನಾನು ಏನೂ ಹೇಳ್ಲಿಲ್ಲ. ಬೆಲ್ ಆಯ್ತು, ಒಳಗೆ ಹೋದ್ವಿ.

ಮುಗಿದ ಮೇಲೆ ಕೆಂಪು ಹ್ಯಾಟಿನ ಅಜ್ಜಿ ಆಯಿನ ತಬ್ಕೊಂಡು ಮುಂದಿನ ವರ್ಷ ಬನ್ನಿ ಅಂದ್ರು. ನಾನು ವಿಂಡ್‌ಶೀಲ್ಡ್ ಮೇಲಿನ ಐಸ್ ಕೆರೀತಾ ಇದ್ರೆ ಆಯಿ ಕಾರೊಳಗೆ ಹೀಟರ್ ಹಾಕ್ಕೊಂಡು ಶಿರಸಿಯ ಚಿಕ್ಕಮ್ಮನಿಗೆ ವಾಟ್ಸಾಪ್ ಕಾಲ್, ಕರ್ಮ ಹೌಸಿಗೆ ಬಂದಿದೀವಿ, ಭಾರಿ ಚೆನ್ನಾಗಿತ್ತು ಅಂತ. ಸ್ಪೀಕರಲ್ಲಿ ಚಿಕ್ಕಮ್ಮ ಗಾಬರಿ ಆಗಿ ಕೇಳ್ತಿದಾರೆ, "ಅಯ್ಯೋ, ಯಾರ ಕರ್ಮ?"